ಕೇದಾರಕ್ಕೆ ಹೊರಟ ಭಕ್ತರಲ್ಲಿ ಒಂದು ಬಿನ್ನಹ



ಶಿವರಾತ್ರಿ ಕಳೆಯಿತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಭಕ್ತರ ಮನೆಗಳಲ್ಲಿ ಕೇದಾರದ ಮಾತು ಮೊದಲಾಗುತ್ತದೆ. ಕೇದಾರನಾಥ ದೇವಾಲಯದ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದೇ ಊಖೀಮಠದ ಓಂಕಾರೇಶ್ವರ ಸನ್ನಿಧಿಯಲ್ಲಿ ಸಾರುವುದು ಅಲ್ಲಿಯ ಪದ್ಧತಿ. ಆ ಸುದ್ದಿ ಇಲ್ಲಿಗೆ ಮುಟ್ಟುತ್ತಲೇ ಯಾತ್ರೆಯ ತಂಡಗಳು ಕೂಡುತ್ತವೆ. ಪ್ರತಿ ವರ್ಷವೂ ಹಲವರು ನಮ್ಮಲ್ಲಿಗೆ ಬಂದು, ಯಾವ ದಿನ ಹೊರಡುವುದು ಒಳ್ಳೆಯದು, ಅಲ್ಲಿ ಯಾವ ಪೂಜೆ ಮಾಡಿಸಬೇಕು ಎಂದು ಕೇಳುತ್ತಾರೆ. ನಮ್ಮ ಶರೀರವು ಅಷ್ಟು ಎತ್ತರವನ್ನು ತಾಳೀತೆ ಎಂದು ಕೇಳಿದವರು ಬಹಳ ವಿರಳ. ಯಾರೂ ಕೇಳದ ಆ ಪ್ರಶ್ನೆಗೆ ಉತ್ತರ ಹೇಳುವುದು ಈ ಸಲದ ಅಂಕಣದ ಉದ್ದೇಶ.

ಕೇದಾರವು ನಮ್ಮವರಿಗೆ ಹೊರಗಿನ ಕ್ಷೇತ್ರವಲ್ಲ. ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿ ಎಂಬ ಪಂಚಪೀಠಗಳಲ್ಲಿ ಕೇದಾರವೂ ಒಂದು. ಅದರ ಪೀಠಸ್ಥಾನ ಊಖೀಮಠದಲ್ಲಿದೆ. ಕೇದಾರನಾಥದ ರಾವಲರು ದಕ್ಷಿಣದ ವೀರಶೈವ ಜಂಗಮ ಪರಂಪರೆಯವರು. ಅವರು ತಾವೇ ಪೂಜೆಗೆ ಕೂರುವುದಿಲ್ಲ; ಅವರ ಅಪ್ಪಣೆಯಂತೆ ಅರ್ಚಕರು ನಡೆಸುತ್ತಾರೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿದ ಮೇಲೆ ಉತ್ಸವಮೂರ್ತಿಯು ಊಖೀಮಠಕ್ಕೆ ಇಳಿದು ಬರುತ್ತದೆ, ರಾವಲರೂ ಜೊತೆಗೆ ಬರುತ್ತಾರೆ. ಸಾವಿರಾರು ಮೈಲಿ ದೂರದ ಹಿಮದ ನಡುವೆ ನಮ್ಮ ಪರಂಪರೆಯ ವಿಭೂತಿ ರುದ್ರಾಕ್ಷಿಗಳನ್ನು ಕಂಡಾಗ ಭಕ್ತನಿಗೆ ತವರಿಗೆ ಬಂದಂತೆ ಆಗುವುದು ಸಹಜ. ಹಾಗೆ ತವರೆಂದು ಬಗೆದು ಸಿದ್ಧತೆಯಿಲ್ಲದೆ ಹೋಗುವುದರಿಂದಲೇ ತೊಂದರೆ ಹುಟ್ಟುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ.

ನಮ್ಮಿಂದಾದ ತಪ್ಪು

2011ರ ಮೇ ತಿಂಗಳಿನಲ್ಲಿ ಗುಂಡ್ಲುಪೇಟೆ, ತೆರಕಣಾಂಬಿ, ಬೇಗೂರು ಕಡೆಯ ಹದಿನಾಲ್ಕು ಮಂದಿಯ ತಂಡದೊಡನೆ ನಾವು ಕೇದಾರಕ್ಕೆ ಹೋಗಿದ್ದೆವು. ತಂಡದಲ್ಲಿ ಅರಿಶಿನ ಬೆಳೆಯುವ ಒಬ್ಬ ಹಿರಿಯ ಒಕ್ಕಲು ಮಗನಿದ್ದರು. ವಯಸ್ಸು ಅರವತ್ತೇಳು. ಮಾದಪ್ಪನ ಬೆಟ್ಟಕ್ಕೆ ಹಲವು ಸಲ ಬರಿಗಾಲಿನಲ್ಲಿ ನಡೆದವರು. ತಂಡದ ಹುಡುಗರಿಗಿಂತ ಮುಂದೆ ಹೆಜ್ಜೆ ಹಾಕುವವರು. ರೈಲಿನ ಮುಂಗಡ ಚೀಟಿಗೆ ದಿನ ಹೊಂದಬೇಕೆಂದು ಎಲ್ಲೂ ಸುಧಾರಿಸಿಕೊಳ್ಳದೆ ಓಡಿದೆವು. ಹಿಂದಿನ ರಾತ್ರಿ ರುದ್ರಪ್ರಯಾಗದಲ್ಲಿ ಮಲಗಿ, ಮರುದಿನ ನಸುಕಿನಲ್ಲಿ ಹೊರಟು, ಸಂಜೆಯ ಹೊತ್ತಿಗೆ ಕೇದಾರದಲ್ಲಿದ್ದೆವು.

ಆ ರಾತ್ರಿ ಅವರು ಊಟ ಮಾಡಲಿಲ್ಲ. "ತಲೆ ಸಿಡಿತಾ ಅದೆ ಅಯ್ನೋರೆ" ಎಂದರು. ಪ್ರಯಾಣದ ಆಯಾಸವೆಂದೆವು. ನಡುರಾತ್ರಿಯಲ್ಲಿ ಎರಡು ಬಾರಿ ವಾಂತಿಯಾಯಿತು. ಬೆಳಿಗ್ಗೆ ಎದ್ದಾಗ ಹೆಜ್ಜೆ ಓಲಾಡುತ್ತಿತ್ತು, ಒಣಕೆಮ್ಮು ಹತ್ತಿತ್ತು. ಇಳಿದುಬಿಡೋಣವೆ ಎಂದು ಅವರ ಮನೆಯಾಕೆ ನಮ್ಮನ್ನು ಕೇಳಿದರು. ನಾವು, "ಇಷ್ಟು ದೂರ ಕರೆತಂದ ಶಿವನು ಇನ್ನೆರಡು ಗಂಟೆ ಕಾಯನೆ? ದರ್ಶನ ಮುಗಿಸಿಯೇ ಇಳಿಯೋಣ" ಎಂದು ಧೈರ್ಯ ಹೇಳಿದೆವು. ಆ ತಾಯಿ ಮರುಮಾತಾಡದೆ ಸುಮ್ಮನಾದರು. ಸಾಲಿನಲ್ಲಿ ನಿಂತ ಸ್ವಲ್ಪ ಹೊತ್ತಿಗೆ ಅವರು ಕುಸಿದು ಕುಳಿತರು. ಕುಳಿತಲ್ಲಿಯೇ ಏದುಸಿರು, ತುಟಿ ನೀಲಿಗಟ್ಟಿತ್ತು. ದಂಡಿ ಹೊರುವ ಒಬ್ಬ ಗುಡ್ಡಗಾಡಿನವನು ಅವರ ಮುಖ ನೋಡಿದವನೇ, ಕೆಳಕ್ಕೆ ಒಯ್ಯಿರಿ, ಈಗಲೇ ಒಯ್ಯಿರಿ ಎಂದು ಕೂಗಿದನು. ಶಾಸ್ತ್ರ ಓದಿದ ನಮಗೆ ತಿಳಿಯದ್ದು ಅವನಿಗೆ ತಿಳಿದಿತ್ತು.

ನಾಲ್ಕು ಜನ ಹೊತ್ತು ಇಳಿಸಿದರು. ಅರ್ಧ ದಾರಿಯ ರಾಮಬಾಡದ ಹತ್ತಿರ ಕಣ್ಣು ಬಿಟ್ಟು ಮಾತಾಡಿದರು. ಗೌರೀಕುಂಡದಲ್ಲಿ ನೀರು ಕೇಳಿದರು. ಕೆಳಗಿನ ಊರೊಂದರ ಆಸ್ಪತ್ರೆಯಲ್ಲಿ ಎರಡು ದಿನವಿದ್ದು ಬದುಕಿ ಬಂದರು. ಎತ್ತರದ ದೆಸೆಯಿಂದ ಶ್ವಾಸಕೋಶದಲ್ಲಿ ನೀರು ತುಂಬಿತ್ತೆಂದೂ, ಇನ್ನು ತಡವಾಗಿದ್ದರೆ ಉಳಿಯುತ್ತಿರಲಿಲ್ಲವೆಂದೂ ವೈದ್ಯರು ಹೇಳಿದರು. ನಾವು ಆಡಿದ ಭಕ್ತಿಯ ಮಾತು ಒಂದು ಜೀವವನ್ನು ತೆಗೆಯುವುದರಲ್ಲಿತ್ತು. ಈ ತಪ್ಪನ್ನು ಒಪ್ಪಿಕೊಂಡ ಮೇಲೆಯೇ ಉಳಿದ ಮಾತು ಹೇಳಲು ನಮಗೆ ಅಧಿಕಾರ.

ಎತ್ತರವೆಂದರೆ ಎಷ್ಟು

ಗುಂಡ್ಲುಪೇಟೆಯು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್. ಹೆಸರಿನಲ್ಲಿ ಹಿಮವಿದ್ದರೂ ಅಲ್ಲಿ ಕವಿಯುವುದು ಮಂಜು ಮಾತ್ರ. ನಮ್ಮವರು ಬೇಸಿಗೆಯಲ್ಲಿ ಹೋಗಿಬರುವ ಊಟಿ ಸುಮಾರು 2,240 ಮೀಟರ್. ಅದರ ನೆತ್ತಿಯ ದೊಡ್ಡಬೆಟ್ಟ 2,637. ಕೇದಾರನಾಥವೋ 3,583 ಮೀಟರ್. ದೊಡ್ಡಬೆಟ್ಟದ ಮೇಲೆ ಮತ್ತೆ ಹೆಚ್ಚುಕಡಿಮೆ ಒಂದು ಸಾವಿರ ಮೀಟರ್ ಏರಿಸಿದರೆ ಎಷ್ಟೋ ಅಷ್ಟು. ಅಲ್ಲಿ ಗಾಳಿಯ ಒತ್ತಡ ತಗ್ಗುವುದರಿಂದ, ಒಂದು ಉಸಿರಿಗೆ ಒಳಹೋಗುವ ಪ್ರಾಣವಾಯು ಸಮುದ್ರತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲಿನಷ್ಟೇ.

ಶರೀರವು ಈ ಕೊರತೆಗೆ ಹೊಂದಿಕೊಳ್ಳಬಲ್ಲದು. ಆದರೆ ಅದಕ್ಕೆ ದಿನಗಳು ಬೇಕು. 2,500 ಮೀಟರ್ ದಾಟಿದ ಮೇಲೆ ಆತುರದಿಂದ ಏರಿದವರಿಗೆ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು, ಊಟ ಸೇರದಿರುವುದು ಕಾಣಿಸುತ್ತವೆ. ಕಾಲಿನ ಬಲಕ್ಕೂ ಇದಕ್ಕೂ ಸಂಬಂಧವಿಲ್ಲ. ಮಾದಪ್ಪನ ಬೆಟ್ಟವನ್ನು ನಡೆದು ಹತ್ತಿದ ಕಾಲು ಕೇದಾರವನ್ನೂ ಹತ್ತೀತು. ಅದು ಮುಂದೆ ಓಡಿದರೆ ಉಸಿರು ಹಿಂದೆ ಉಳಿಯುತ್ತದೆ. ಗಟ್ಟಿಗರೇ ಹೆಚ್ಚಾಗಿ ಕೆಡುವುದು ಈ ಕಾರಣದಿಂದ, ಅವರು ನಿಲ್ಲುವುದಿಲ್ಲ.

ಪ್ರಯಾಣದ ಕ್ರಮ

ಬಾಗಿಲು ಸಾಮಾನ್ಯವಾಗಿ ಏಪ್ರಿಲ್ ಕೊನೆ ಇಲ್ಲವೆ ಮೇ ಮೊದಲಲ್ಲಿ ತೆರೆದು, ದೀಪಾವಳಿಯ ನಂತರದ ಯಮದ್ವಿತೀಯೆಗೆ ಮುಚ್ಚುತ್ತದೆ. ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಟ್ಟುಬಿಡಿ. 2013ರ ಜೂನ್ 16, 17ರ ಪ್ರವಾಹದಲ್ಲಿ ಮೇಲಿನ ಚೋರಾಬಾರಿ ಸರೋವರ ಒಡೆದು ಸಾವಿರಾರು ಮಂದಿ ಮಡಿದರು. ನಾವು ಹೇಳಿದ ರಾಮಬಾಡ ಕೊಚ್ಚಿಹೋಯಿತು. 2024ರ ಜುಲೈ 31ರ ರಾತ್ರಿಯ ಮೇಘಸ್ಫೋಟದಲ್ಲಿಯೂ ದಾರಿ ಕಡಿದು ಸಾವಿರಾರು ಯಾತ್ರಿಕರು ಸಿಕ್ಕಿಬಿದ್ದಿದ್ದರು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ಜನಸಂದಣಿಯೂ ಕಡಿಮೆ, ಆಕಾಶವೂ ತಿಳಿ. ಆದರೆ ಚಳಿ ಹೆಚ್ಚು.

ಉತ್ತರಾಖಂಡ ಸರ್ಕಾರದಲ್ಲಿ ಹೆಸರು ನೋಂದಾಯಿಸುವುದು ಕಡ್ಡಾಯ. ಮನೆಯ ಮಕ್ಕಳಿಂದ ಮೊದಲೇ ಮಾಡಿಸಿಕೊಳ್ಳಿ. ನೋಂದಣಿಯ ಚೀಟಿ ಮತ್ತು ಆಧಾರ್ ಕಾರ್ಡಿನ ಪ್ರತಿ ಜೇಬಿನಲ್ಲಿರಲಿ. ಚಾಮರಾಜನಗರದಿಂದ ರೈಲಿನಲ್ಲಿ, ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಮೈಸೂರು ಸೇರಿ, ಅಲ್ಲಿಂದ ಬೆಂಗಳೂರಿಗೆ. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿಯ ಪ್ರಯಾಣ. ಮುಂದೆ ಹರಿದ್ವಾರ, ಋಷಿಕೇಶ. ವಿಮಾನದವರು ಡೆಹ್ರಾಡೂನಿನಲ್ಲಿ ಇಳಿಯಬಹುದು. ಋಷಿಕೇಶದಿಂದ ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗ, ಗುಪ್ತಕಾಶಿಗಳ ಮೇಲೆ ಸೋನಪ್ರಯಾಗಕ್ಕೆ ಸುಮಾರು 210 ಕಿಲೋಮೀಟರ್. ಹೊರಗಿನ ವಾಹನಗಳು ಅಲ್ಲಿಯೇ ನಿಲ್ಲುತ್ತವೆ. ಅಲ್ಲಿಯ ಜೀಪುಗಳು 5 ಕಿಲೋಮೀಟರ್ ದೂರದ ಗೌರೀಕುಂಡಕ್ಕೆ ಮುಟ್ಟಿಸುತ್ತವೆ. ಅಲ್ಲಿಂದ ನಡಿಗೆಯ ದಾರಿ. 2013ಕ್ಕೆ ಮೊದಲು 14 ಕಿಲೋಮೀಟರ್ ಇದ್ದದ್ದು, ಹೊಸ ಹಾದಿಯಾದ ಮೇಲೆ ಸುಮಾರು 16 ಕಿಲೋಮೀಟರ್ ಆಗಿದೆ.

ಈ ದಾರಿಯಲ್ಲಿ ಎಲ್ಲಿ ಮಲಗುತ್ತೀರಿ ಎಂಬುದೇ ಮುಖ್ಯ. ಋಷಿಕೇಶದಲ್ಲಿ ಒಂದು ರಾತ್ರಿ ಇರಿ. ಮರುದಿನ ಗುಪ್ತಕಾಶಿ ಅಥವಾ ಊಖೀಮಠ ಸೇರಿ. ಇವೆರಡೂ ಸುಮಾರು 1,300 ಮೀಟರ್ ಎತ್ತರದಲ್ಲಿವೆ. ಊಖೀಮಠದಲ್ಲಿ ಒಂದು ಪೂರ್ಣ ದಿನ ತಂಗಿ ಪೀಠದ ದರ್ಶನ ಮಾಡಿ. ಧರ್ಮಕ್ಕೂ ಶರೀರಕ್ಕೂ ಒಂದೇ ದಿನದಲ್ಲಿ ಹಿತವಾಗುತ್ತದೆ; ಅವಸರದ ತಂಡಗಳು ಈ ದಿನವನ್ನೇ ಕಳೆದುಬಿಡುತ್ತವೆ. ನಂತರದ ರಾತ್ರಿ ಸುಮಾರು 2,000 ಮೀಟರಿನ ಗೌರೀಕುಂಡದಲ್ಲಿ. ಏರುವ ದಿನ ಭೀಮಬಲಿಯಲ್ಲೋ ಲಿಂಚೋಲಿಯಲ್ಲೋ ತಂಗಲು ಸ್ಥಳ ದೊರೆತರೆ ಅಲ್ಲಿ ಮಲಗಿ, ಮರುದಿನ ದರ್ಶನ ಮಾಡಿ ಅಂದೇ ಕೆಳಗಿಳಿಯಿರಿ. ಋಷಿಕೇಶದಿಂದ ಹೊರಟು ಮರಳಿ ಬರಲು ಏಳು ದಿನ ಇಟ್ಟುಕೊಂಡರೆ ನೆಮ್ಮದಿ. ರೈಲಿನ ಮುಂಗಡ ಚೀಟಿಗೆ ಎರಡು ದಿನ ಹೆಚ್ಚೇ ಇಟ್ಟುಕೊಳ್ಳಿ.

ಹೆಲಿಕಾಪ್ಟರಿನ ಮಾತು. ಗುಪ್ತಕಾಶಿ, ಫಾಟಾ, ಸಿರ್ಸಿಗಳಿಂದ ಕೆಲವೇ ನಿಮಿಷಗಳಲ್ಲಿ ಮೇಲೆ ಇಳಿಸುತ್ತಾರೆ. ಕಾಲಿಗೆ ಸುಖ; ಆದರೆ ಶರೀರಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹಾಗೆ ಹೋದವರು ದರ್ಶನ ಮುಗಿಸಿ ಅಂದೇ ಇಳಿಯುವುದು ಲೇಸು, ರಾತ್ರಿ ಉಳಿಯುವುದು ಬೇಡ. 2022ರ ಅಕ್ಟೋಬರಿನಲ್ಲಿಯೂ 2025ರ ಜೂನಿನಲ್ಲಿಯೂ ಹೆಲಿಕಾಪ್ಟರ್ ಬಿದ್ದು ತಲಾ ಏಳು ಮಂದಿ ತೀರಿಕೊಂಡರು. ಮೋಡ ಕವಿದಾಗ ಹಾರಲೇಬೇಕೆಂದು ಯಾರನ್ನೂ ಒತ್ತಾಯಿಸಬೇಡಿ. ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರಿನ ತಂತಿದಾರಿಗೆ ಕೇಂದ್ರ ಸರ್ಕಾರ 2025ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಬಂದಾಗಲೂ ಈ ಎಚ್ಚರಿಕೆ ಬೇಕೇ ಬೇಕು.

ಹೊರಡುವ ಮುನ್ನ

ಎರಡು ತಿಂಗಳ ಮೊದಲಿನಿಂದ ದಿನವೂ ನಡೆಯಿರಿ. ಊರ ಕೆರೆಯ ಏರಿಯಾದರೂ ಸರಿ. ಮೈಸೂರಿಗೆ ಹೋದಾಗ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಾದರೂ ಸರಿ. ಐವತ್ತು ದಾಟಿದವರೆಲ್ಲ ವೈದ್ಯರಲ್ಲಿ ಹೃದಯ, ರಕ್ತದೊತ್ತಡ, ಸಕ್ಕರೆ ತೋರಿಸಿಕೊಂಡು, ಹೋಗುತ್ತಿರುವ ಎತ್ತರವನ್ನು ಸಂಖ್ಯೆಯಲ್ಲಿ ಹೇಳಿ ಅಭಿಪ್ರಾಯ ಪಡೆಯಿರಿ. ಈಚೆಗೆ ಹೃದಯಾಘಾತವಾದವರು, ಹತೋಟಿಗೆ ಬಾರದ ಆಸ್ತಮಾ ಇರುವವರು, ಗರ್ಭಿಣಿಯರು ವೈದ್ಯರ ಸಮ್ಮತಿಯಿಲ್ಲದೆ ಹೊರಡಬಾರದು. ನಮ್ಮ ಜಿಲ್ಲೆಯ ಕಾಡಂಚಿನ ಬಂಧುಗಳಲ್ಲಿ ಕಾಣುವ ಕುಡುಗೋಲು ರಕ್ತಕಣದ ಕಾಯಿಲೆಯವರಿಗೆ ಈ ಎತ್ತರ ಅಪಾಯ. ಅಂಥವರನ್ನು ಜೊತೆಗೆ ಕರೆದೊಯ್ಯುವವರು ತಿಳಿದಿರಬೇಕು.

ರಕ್ತದೊತ್ತಡದ ಮಾತ್ರೆಯನ್ನು ಯಾತ್ರೆಯೆಂದು ನಿಲ್ಲಿಸಬೇಡಿ. ಇನ್ಸುಲಿನ್ ಚುಚ್ಚಿಕೊಳ್ಳುವವರು ಅದನ್ನು ಚೀಲದಲ್ಲಿಡದೆ ಒಳಜೇಬಿನಲ್ಲಿ, ಮೈಶಾಖಕ್ಕೆ ತಾಗುವಂತೆ ಇಟ್ಟುಕೊಳ್ಳಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಸಕ್ಕರೆ ಅಳೆಯುವ ಯಂತ್ರವೂ ಚಳಿಯಲ್ಲಿ ತಪ್ಪು ಅಂಕಿ ತೋರಿಸಬಹುದು. ಎತ್ತರದ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆಯಿದೆ. ಗಂಧಕದ ಔಷಧಗಳು ಒಗ್ಗದವರಿಗೂ ಮೂತ್ರಪಿಂಡದ ತೊಂದರೆಯವರಿಗೂ ಅದು ಆಗದಿರಬಹುದಾದ್ದರಿಂದ ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ನಿದ್ರೆಯ ಮಾತ್ರೆ ಅಲ್ಲಿ ಬೇಡವೇ ಬೇಡ. ಪ್ರತಿಯೊಬ್ಬರ ಜೇಬಿನಲ್ಲಿ ಹೆಸರು, ಕಾಯಿಲೆ, ಔಷಧ, ರಕ್ತದ ಗುಂಪು, ಜೊತೆಗಾರರ ದೂರವಾಣಿ ಸಂಖ್ಯೆಗಳನ್ನು ಹಿಂದಿಯಲ್ಲಿ ಬರೆಸಿದ ಚೀಟಿಯಿರಲಿ.

ಉಡುಗೆ, ಸ್ನಾನ, ಆಹಾರ

ಮೇ, ಜೂನ್ ತಿಂಗಳಲ್ಲೂ ಅಲ್ಲಿಯ ರಾತ್ರಿ ಹೆಪ್ಪುಗಟ್ಟಿಸುವ ಚಳಿಯ ಸಮೀಪವಿರುತ್ತದೆ. ಚಳಿಗಿಂತ ಕೆಟ್ಟದ್ದು ಒದ್ದೆ ಬಟ್ಟೆ. 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲದ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಚಾರಣಿಗರು ಪ್ರಾಣ ಬಿಟ್ಟದ್ದನ್ನು ನೆನೆಯಿರಿ. ಹತ್ತಿಯ ಪಂಚೆ, ಸೀರೆಗಳು ನೆನೆದರೆ ಮೈಶಾಖವನ್ನು ಹೀರಿಬಿಡುತ್ತವೆ. ಒಳಗೆ ತೆಳು ಉಣ್ಣೆ, ಅದರ ಮೇಲೆ ದಪ್ಪ ಉಣ್ಣೆ, ಎಲ್ಲಕ್ಕೂ ಮೇಲೆ ಮಳೆಯಂಗಿ, ಹೀಗೆ ಪದರಪದರವಾಗಿರಲಿ. ಕಾಲಿಗೆ ಜಾರದ ಬೂಟು, ಎರಡು ಜೊತೆ ಉಣ್ಣೆಯ ಕಾಲುಚೀಲ, ಕಿವಿ ಮುಚ್ಚುವ ಟೋಪಿ, ಕೈಗವಸು ಬೇಕು. ಬರಿಗಾಲಿನ ಹರಕೆಯನ್ನು ಮಾದಪ್ಪನ ಸನ್ನಿಧಿಗೆ ಮೀಸಲಿಡಿ.

ಹೊರದೇಶದಲ್ಲಿರುವ ಮಕ್ಕಳು ಉತ್ತರಧ್ರುವದ ಕಡೆಯ ದ್ವೀಪಗಳನ್ನು ನೋಡಿಬಂದ ಚಿತ್ರಗಳನ್ನು ಈಗ ಮನೆಗಳಲ್ಲಿ ತೋರಿಸುತ್ತಾರೆ. ಅಂಥ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ ನಮ್ಮ ದೇಶವು 2008ರಲ್ಲಿ 'ಹಿಮಾದ್ರಿ' ಎಂಬ ಸಂಶೋಧನಾ ಕೇಂದ್ರ ತೆರೆದಿದೆ. ಅಲ್ಲಿಗೆ ಹೋಗುವವರು ಕೈಗವಸಿನಿಂದ ಹಿಡಿದು ಔಷಧದವರೆಗೆ ಎಲ್ಲವನ್ನೂ ಲೆಕ್ಕಹಾಕಿ ಹೊರಡುತ್ತಾರೆ. ಅಲ್ಲಿಯ ಚಳಿ ಘೋರ, ಆದರೆ ಊರುಗಳು ಕಡಲ ದಡದಲ್ಲಿವೆ, ಉಸಿರಿಗೆ ಕೊರತೆಯಿಲ್ಲ. ಕೇದಾರದಲ್ಲಿ ಚಳಿಯೂ ಉಂಟು, ಉಸಿರಿನ ಕೊರತೆಯೂ ಉಂಟು. ನಾವೋ ಒಂದು ಶಾಲು ಹೊದ್ದು ಹೊರಡುತ್ತೇವೆ.

ನಸುಕಿನಲ್ಲಿ ತಣ್ಣೀರು ಮಿಂದೇ ಲಿಂಗಪೂಜೆ ಮಾಡಬೇಕೆಂಬ ಹಟ ಅಲ್ಲಿ ಸಲ್ಲದು. ಭಸ್ಮಸ್ನಾನವೂ ಸ್ನಾನವೆಂದು ನಮ್ಮ ಆಚಾರಗ್ರಂಥಗಳು ಒಪ್ಪಿವೆ. ಕೈಕಾಲು ಮುಖಗಳನ್ನು ಬಿಸಿನೀರಿನಲ್ಲಿ ತೊಳೆದು, ವಿಭೂತಿ ಧರಿಸಿ, ಕೋಣೆಯೊಳಗೆ ಬೆಚ್ಚಗೆ ಕುಳಿತು ಪೂಜೆ ಮಾಡಿಕೊಳ್ಳಿ. ಸೋಮವಾರವೆಂದು ಏರುವ ದಿನ ಉಪವಾಸ ಮಾಡಬೇಡಿ. ಹುರಿಹಿಟ್ಟು, ಬೆಲ್ಲ, ಹುರಿಗಡಲೆ, ನಿಪ್ಪಟ್ಟುಗಳನ್ನು ಮನೆಯಿಂದಲೇ ಒಯ್ದು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ. ಆ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ, ಕುದಿ ಬಂದ ಮೇಲೆ ಇನ್ನೂ ಮೂರು ನಿಮಿಷ ಕುದಿಸಿದ ನೀರು ಕ್ಷೇಮ.

ಕುದುರೆ, ಹೇಸರಗತ್ತೆಗಳು ಬರುವಾಗ ಕಣಿವೆಯ ಕಡೆಗೆ ಸರಿಯದೆ ಬೆಟ್ಟದ ಗೋಡೆಯ ಕಡೆಗೆ ಒತ್ತಿ ನಿಲ್ಲಿ. ನಡಿಗೆಯ ವೇಗಕ್ಕೆ ಒಂದು ಸುಲಭದ ಅಳತೆಯಿದೆ. ಪಂಚಾಕ್ಷರಿಯನ್ನು ತುಂಡಾಗದಂತೆ ಬಾಯಿಬಿಟ್ಟು ಹೇಳುತ್ತ ನಡೆಯಲಾದರೆ ನಿಮ್ಮ ನಡಿಗೆ ಸರಿಯಾಗಿದೆ. ಮಂತ್ರದ ನಡುವೆ ಉಸಿರು ಕಡಿಯುತ್ತಿದ್ದರೆ ನಿಂತುಕೊಳ್ಳಿ.

ಇಳಿಯಬೇಕಾದ ಹೊತ್ತು

ಇದನ್ನು ತಂಡದ ಪ್ರತಿಯೊಬ್ಬರೂ ಬಾಯಿಪಾಠ ಮಾಡಬೇಕು. ತಲೆನೋವು, ವಾಕರಿಕೆ ಬಂದರೆ ಅಲ್ಲಿಂದ ಮೇಲೆ ಹೋಗಬೇಡಿ. ವಿಶ್ರಮಿಸಿ, ಕಡಿಮೆಯಾಗದಿದ್ದರೆ ಇಳಿಯಿರಿ. ನೆಟ್ಟಗೆ ಗೆರೆ ಹಿಡಿದು ನಡೆಯಲಾಗದಿದ್ದರೆ, ಮಾತು ತೊದಲಿದರೆ, ಅಸಂಬದ್ಧವಾಗಿ ನುಡಿದರೆ ಮಿದುಳಿಗೆ ಬಾವು ಬರುತ್ತಿದೆಯೆಂದು ತಿಳಿಯಿರಿ. ಕುಳಿತಲ್ಲಿಯೂ ಏದುಸಿರು, ಬಿಡದ ಕೆಮ್ಮು, ನೊರೆಗಫ, ನೀಲಿ ತುಟಿ ಕಂಡರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತಿದೆ. ಇವೆರಡಕ್ಕೂ ಮದ್ದು ತಕ್ಷಣ ಇಳಿಸುವುದು. ನಡುರಾತ್ರಿಯಾದರೂ, ದೇವಾಲಯದ ಬಾಗಿಲಲ್ಲಿದ್ದರೂ ಸರಿ. ರೋಗಿಯನ್ನು ನಡೆಸದೆ ಹೊತ್ತು ಇಳಿಸಬೇಕು, ಒಂಟಿಯಾಗಿ ಬಿಡಬಾರದು. ದಾರಿಯುದ್ದಕ್ಕೂ ಸರ್ಕಾರದ ವೈದ್ಯಕೀಯ ಠಾಣೆಗಳಿವೆ. 108 ಅಥವಾ 112ಕ್ಕೆ ಕರೆ ಮಾಡಬಹುದು. ಪ್ರಾಣವಾಯು ಕೊಟ್ಟರೆ ಸ್ವಲ್ಪ ಸಮಯ ಸಿಗುತ್ತದೆ, ಆದರೆ ಇಳಿಸುವುದನ್ನು ನಿಲ್ಲಿಸಕೂಡದು. ಅಂಗಡಿಯಲ್ಲಿ ಮಾರುವ ಸಣ್ಣ ಡಬ್ಬಿಯ ಪ್ರಾಣವಾಯು ಕೆಲವು ನಿಮಿಷಗಳಿಗಷ್ಟೇ.

ಹೊರಡುವ ಮೊದಲೇ ತಂಡದವರೆಲ್ಲ ಕುಳಿತು ಒಂದು ನಿಯಮ ಮಾಡಿಕೊಳ್ಳಿ. ಒಬ್ಬರಿಗೆ ಆಗದಿದ್ದರೆ ಅವರ ಜೊತೆ ಇಳಿಯುವವರು ಯಾರು ಎಂಬುದನ್ನು ಮನೆಯಲ್ಲೇ ಗೊತ್ತುಮಾಡಿರಿ. ನಮ್ಮ ಹಿರಿಯರು ನೋವನ್ನು ಮುಚ್ಚಿಡುತ್ತಾರೆ; ತಮ್ಮಿಂದ ಉಳಿದವರ ಯಾತ್ರೆ ಕೆಡಬಾರದೆಂಬ ಸಂಕೋಚ. ಹೆಂಗಸರಂತೂ ಹೇಳುವುದೇ ಇಲ್ಲ. ಆದ್ದರಿಂದ ರಾತ್ರಿ, ಬೆಳಿಗ್ಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿ. ಜೊತೆಯವರು ಇಳಿಯೋಣವೆಂದರೆ ಆ ಮಾತನ್ನು ತಳ್ಳಿಹಾಕಬೇಡಿ. ಅಂದು ಆ ತಾಯಿಯ ಮಾತನ್ನು ನಾವು ಕೇಳಬೇಕಾಗಿತ್ತು.

ಊರಿಗೆ ಮರಳಿದ ಮೇಲೆ ಆ ಹಿರಿಯರು ಬಹಳ ದಿನ ಮಂಕಾಗಿದ್ದರು. ಬಾಗಿಲವರೆಗೆ ಹೋಗಿ ಒಳಗೆ ಕಾಲಿಡದೆ ಬಂದರು, ಪುಣ್ಯವಿರಲಿಲ್ಲ ಎಂದು ಕೆಲವರು ಆಡಿಕೊಂಡರು. ಒಂದು ದಿನ ನಮ್ಮಲ್ಲಿಗೆ ಬಂದು, "ಅಯ್ನೋರೆ, ಕೇದಾರ ನನ್ನ ಬೇಡ ಅಂದುಬಿಡ್ತಲ್ಲ" ಎಂದು ಕಣ್ಣೀರು ತಂದರು. ಗೌರೀಕುಂಡದಲ್ಲಿ ಎಚ್ಚರಾದೊಡನೆ ಮೊದಲು ಏನು ಮಾಡಿದಿರಿ ಎಂದು ನಾವು ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ, "ಎದೆ ಮೇಲೆ ಲಿಂಗ ಅದಾ ಅಂತ ಮುಟ್ಟಿ ನೋಡ್ಕೊಂಡೆ" ಎಂದರು. "ಹಾಗಾದರೆ ದರ್ಶನ ತಪ್ಪಿದ್ದೆಲ್ಲಿ? ಸಾಲಿನಲ್ಲಿ ನಿಂತಾಗಲೂ ಇಳಿಯುವಾಗಲೂ ಅದು ನಿಮ್ಮ ಮೈಮೇಲೆಯೇ ಇತ್ತಲ್ಲ" ಎಂದೆವು. ಅವರು ಏನನ್ನೂ ಹೇಳಲಿಲ್ಲ. ಮುಂದಿನ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಿಬಂದರೆಂದು ಕೇಳಿ ನಮಗೆ ಸಮಾಧಾನವಾಯಿತು.

ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವರಿಗೆ ಕೇದಾರದ ದಾರಿಯಲ್ಲಿ ಹಿಂದಿರುಗುವುದು ಸೋಲಲ್ಲ. ಶರಣರು ಈ ಶರೀರವನ್ನೇ ಗುಡಿಯೆಂದು ಬಗೆದವರು. ಕಲ್ಲಿನ ಗುಡಿಯನ್ನು ಕಾಣುವ ಆತುರದಲ್ಲಿ ಈ ಗುಡಿಯನ್ನು ಕೆಡವಿಕೊಳ್ಳುವುದು ಅವರ ವಂಶಕ್ಕೆ ಒಪ್ಪುವ ಕೆಲಸವಲ್ಲ. ಯಾತ್ರೆಗೆ ಹೋಗಿ, ನಿಧಾನವಾಗಿ ಹೋಗಿ. ಆಗದಿದ್ದರೆ ನಾಚದೆ ಇಳಿದು ಬನ್ನಿ. ಮನೆಯಲ್ಲಿರುವವರೂ ಇಳಿದು ಬಂದವರನ್ನು, ದರ್ಶನ ಮಾಡಿ ಬಂದವರನ್ನು ಬರಮಾಡಿಕೊಂಡಂತೆಯೇ ಆರತಿಯೆತ್ತಿ ಒಳಗೆ ಕರೆದುಕೊಳ್ಳಿ ಎಂದು ನಮ್ಮ ಬಿನ್ನಹ.